ಒಡೆಯದ ಹಿಡಿ: ಪ್ಲಾಸ್ಟಿಕ್ ಹಿಡಿಯ ಮರಗೆಲಸದ ಉಳಿಗಳ ಚರಿತ್ರೆ

ಮರಗೆಲಸದ ಉಪಕರಣಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಪಾಲು ಜನ ಬರೆದಿರುವುದು ಅಲಗಿನ ಚರಿತ್ರೆಯನ್ನು. ಉಳಿ ಎಂದರೆ ಅದರ ಉಕ್ಕು, ಅದರ ಬಾಯಿ, ಅದಕ್ಕೆ ಕೊಟ್ಟ ಹದ, ಅದರ ಮೇಲೆ ಒತ್ತಿದ ತಯಾರಕನ ಮುದ್ರೆ ಎಂಬ ತಿಳುವಳಿಕೆ ಈ ಬರಹಗಳ ಹಿಂದಿದೆ. ಹಿಡಿ ಬದಲಾಗುತ್ತಲೇ ಇರುವಂಥದು. ಆದ್ದರಿಂದ ಅದು ಕಾಲನಿರ್ಣಯಕ್ಕೂ ಮೂಲನಿರ್ಣಯಕ್ಕೂ ಒದಗದು ಎಂದು ಬಿಟ್ಟುಬಿಡಲಾಗಿದೆ. ಮರದ ಹಿಡಿಗೇ ಈ ಗತಿಯಾದರೆ ಪ್ಲಾಸ್ಟಿಕ್ ಹಿಡಿಯ ಮಾತು ಹೇಳಬೇಕಾಗಿಲ್ಲ. ಅದನ್ನು ಅಗ್ಗದ ವಸ್ತು, ಕಸುಬಿನ ಅವನತಿಯ ಗುರುತು ಎಂದು ಭಾವಿಸಿದವರೇ ಹೆಚ್ಚು. ಆದರೆ 20ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಹಾಗೂ ಅಮೆರಿಕದ ನ್ಯೂ ಬ್ರಿಟನ್ ನಗರಗಳ ಕಾರ್ಖಾನೆಗಳಿಂದ ಹೊರಬಂದ ಪ್ಲಾಸ್ಟಿಕ್ ಹಿಡಿಯ ಉಳಿಗಳಲ್ಲಿ, ಬೇರೆ ಯಾವ ದಾಖಲೆಯೂ ಅಷ್ಟು ಸ್ಪಷ್ಟವಾಗಿ ಹೇಳದ ಒಂದು ಸಂಗತಿ ಅಡಗಿದೆ. ಉಪಕರಣವನ್ನು ಬಳಸುವವನೇ ಅದರ ಅರ್ಧ ತಯಾರಕನೂ ಆಗಿದ್ದ ವ್ಯವಸ್ಥೆಯೊಂದು ಆ ಹಿಡಿಗಳೊಡನೆ ಮುಗಿಯಿತು. ಹಾಗೆ ಮುಗಿದುದಕ್ಕೆ ಸಾಕ್ಷಿಯಾಗಿರುವ ಹಿಡಿಗಳು ಈಗ ಪೆಟ್ಟಿಗೆಗಳಲ್ಲಿ, ಕಪಾಟುಗಳಲ್ಲಿ ತಾವಾಗಿಯೇ ಕೆಡುತ್ತಿವೆ.

ಉಳಿಗೆ ಹಿಡಿಯನ್ನು ಕೂಡಿಸುವ ಕ್ರಮಗಳು ಮುಖ್ಯವಾಗಿ ಎರಡು. ಒಂದರಲ್ಲಿ ಅಲಗಿನ ಹಿಂಬದಿಯನ್ನು ಮೊನಚಾದ ಬಾಲದಂತೆ ಬಡಿದು, ಅದನ್ನು ಹಿಡಿಯ ಒಳಕ್ಕೆ ಇಳಿಸಲಾಗುತ್ತದೆ. ಬಾಲ ಮತ್ತಷ್ಟು ಒಳಸರಿದು ಹಿಡಿಯನ್ನು ಸೀಳದಂತೆ ಅದರ ಬುಡದಲ್ಲಿ ಗೆಣ್ಣಿನಂಥ ಒಂದು ಉಬ್ಬು ಇರುತ್ತದೆ. ಇನ್ನೊಂದರಲ್ಲಿ ಅಲಗಿನ ಹಿಂಬದಿಯೇ ಲಾಳಿಕೆಯಾಕಾರದ ಕೊಳವೆಯಾಗಿದ್ದು, ಹಿಡಿಯ ತುದಿಯನ್ನು ಅದರೊಳಗೆ ಬಿಗಿಯಲಾಗುತ್ತದೆ. ಇಂಗ್ಲೆಂಡಿನಲ್ಲಿ ಬಾಲದ ಉಳಿಯೂ ಅಮೆರಿಕದಲ್ಲಿ ಕೊಳವೆಯ ಉಳಿಯೂ ಹೆಚ್ಚು ಬಳಕೆಯಲ್ಲಿದ್ದವು. ಎರಡರಲ್ಲಿಯೂ ಸಮಾನವಾದ ಒಂದು ಅಂಶವಿದೆ: ಹಿಡಿ ಸೀಳಿದರೆ ಅದನ್ನು ತೆಗೆದು ಬೇರೊಂದನ್ನು ಹಾಕಬಹುದು. ಹಿಡಿ ಸವೆಯುವುದು, ಒಡೆಯುವುದು, ಮತ್ತೆ ಬರುವುದು ಉಳಿಯ ಆಯುಷ್ಯದ ಸಹಜ ಭಾಗವಾಗಿತ್ತು.

ಶೆಫೀಲ್ಡಿನ ಉಳಿ ತಯಾರಿಕೆ ಒಂದೇ ಸೂರಿನಡಿಯ ಕೆಲಸವಾಗಿರಲಿಲ್ಲ. ಕುಲುಮೆಯಲ್ಲಿ ಬಡಿಯುವವನು ಬೇರೆ, ಹದ ಕೊಡುವವನು ಬೇರೆ, ಸಾಣೆಗೆ ಹಿಡಿಯುವವನು ಬೇರೆ, ಹಿಡಿಯನ್ನು ಕಡೆಯುವವನು ಬೇರೆ. 'ಲಿಟ್ಲ್ ಮೆಸ್ಟರ್' ಎಂದು ಕರೆಯಲಾಗುತ್ತಿದ್ದ ಸಣ್ಣ ಕಸುಬುದಾರರು ಬಾಡಿಗೆಯ ಕೋಣೆಗಳಲ್ಲಿ ಕುಳಿತು ಇಂಥ ಒಂದೊಂದು ಭಾಗವನ್ನು ಮಾಡಿಕೊಡುತ್ತಿದ್ದರು. ಇವರ ನಡುವೆ ಕೈಯಿಂದ ಕೈಗೆ ಸಾಗಿ ಉಳಿ ವ್ಯಾಪಾರಿಯ ಅಂಗಡಿಯನ್ನು ತಲುಪುತ್ತಿತ್ತು. ಅಲ್ಲಿಗೂ ಅದು ಪೂರ್ಣವಾಗಿರಬೇಕೆಂದಿರಲಿಲ್ಲ. 19ನೆಯ ಶತಮಾನದಲ್ಲಿ ಅಲಗುಗಳನ್ನು ಹಿಡಿಯಿಲ್ಲದೆ ಮಾರುವ ರೂಢಿ ವ್ಯಾಪಕವಾಗಿತ್ತು. ಹಿಡಿಗಳಿಗೆ ಬೇರೆ ಬೆಲೆ. ಬಾಕ್ಸ್‌ವುಡ್, ಬೀಚ್, ಆಶ್ ಮರಗಳಲ್ಲಿ ತನಗೆ ಒಗ್ಗುವುದನ್ನು ಆರಿಸಿ, ತನ್ನ ಅಂಗೈಯ ಅಳತೆಗೆ ಕಡೆದು, ಬಾಲದ ಅಳತೆಗೆ ತೂತು ಕೊರೆದು, ಅಲಗನ್ನು ನೇರವಾಗಿ ಕೂರಿಸಿಕೊಳ್ಳುವುದು ಬಡಗಿಯ ಪಾಲಿನ ಕೆಲಸವೂ ಆಗಿತ್ತು. ಕಲಿಕೆಗೆ ಸೇರಿದ ಹುಡುಗನಿಗೆ ಇಂಥ ಕೆಲಸದಲ್ಲಿಯೇ ಮರದ ಎಳೆಯ ಗುಣ ಅರ್ಥವಾಗುತ್ತಿತ್ತು. ಎಳೆ ಓರೆಯಾದ ಮರದ ಹಿಡಿ ನಾಲ್ಕು ಪೆಟ್ಟಿಗೆ ಸೀಳುತ್ತದೆ ಎಂಬುದನ್ನು ಪುಸ್ತಕ ಕಲಿಸಬೇಕಾಗಿರಲಿಲ್ಲ.

ಇಂಗ್ಲೆಂಡಿನ ರಾಚೆಸ್ಟರ್ ನಗರದ ಗಿಲ್ಡ್‌ಹಾಲ್ ಸಂಗ್ರಹಾಲಯದಲ್ಲಿರುವ ಬೆಂಜಮಿನ್ ಸೀಟನ್‌ನ ಉಪಕರಣ ಪೆಟ್ಟಿಗೆಯನ್ನು ಇಲ್ಲಿ ನೆನೆಯಬೇಕು. 1796ರಲ್ಲಿ ಅವನ ತಂದೆ ಕೊಂಡುಕೊಟ್ಟ ಉಪಕರಣಗಳಿಗಾಗಿ ಸೀಟನ್ ತಾನೇ ಪೆಟ್ಟಿಗೆಯನ್ನು ಮಾಡಿಕೊಂಡನು. ಉಪಕರಣಗಳ ಪಟ್ಟಿಯೂ ಉಳಿದುಬಂದಿದೆ. ಅವು ಹೆಚ್ಚು ಬಳಕೆಯಾಗಲಿಲ್ಲ ಎಂಬುದು ಸಂಶೋಧಕರಿಗೆ ಒದಗಿದ ಅದೃಷ್ಟ. ಎರಡು ಶತಮಾನಗಳು ಕಳೆದರೂ ಅಲ್ಲಿನ ಮರದ ಹಿಡಿಗಳು ಹಿಡಿಗಳಾಗಿಯೇ ಉಳಿದಿವೆ ಎಂಬುದನ್ನು ಮುಂದಿನ ವಿವರಗಳ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಕರ್ನಾಟಕದ ಹಳ್ಳಿಗಳ ಬಡಗಿಗೂ ಕಮ್ಮಾರನಿಗೂ ಇದ್ದ ಸಂಬಂಧವನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಕಮ್ಮಾರ ಅಲಗನ್ನು ಬಡಿದುಕೊಟ್ಟರೆ ಬಡಗಿ ಜಾಲಿಯಂಥ ಗಟ್ಟಿಮರದಲ್ಲಿ ತಾನೇ ಹಿಡಿ ಹಾಕಿಕೊಳ್ಳುತ್ತಿದ್ದನು. ಕನ್ನಡದಲ್ಲಿ ಮರವನ್ನು ನಯಗೊಳಿಸುವ ಉಪಕರಣಕ್ಕೂ 'ಕೀಸುಳಿ' ಎಂಬ ಹೆಸರಿರುವುದು ಉಳಿ ಎಂಬ ಕಲ್ಪನೆ ಈ ಕಸುಬಿನಲ್ಲಿ ಎಷ್ಟು ಮೂಲಭೂತವಾದುದು ಎಂಬುದನ್ನು ತೋರಿಸುತ್ತದೆ. ಶೆಫೀಲ್ಡಿನೊಡನೆ ಈ ನೆಲಕ್ಕೆ ಇನ್ನೂ ನೇರವಾದ ನಂಟೂ ಉಂಟು. ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ಉಕ್ಕನ್ನು ಕಾಯಿಸುತ್ತಿದ್ದುದನ್ನು 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ವಿವರಿಸಿದ್ದಾನೆ. ದಕ್ಷಿಣ ಭಾರತದ ಈ ಉಕ್ಕು ಯುರೋಪಿನಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಆ ಹೆಸರು ಕನ್ನಡದ 'ಉಕ್ಕು' ಶಬ್ದದಿಂದ ಬಂದಿರಬೇಕೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಮೈಕೆಲ್ ಫ್ಯಾರಡೆ ಮತ್ತು ಜೇಮ್ಸ್ ಸ್ಟೋಡಾರ್ಟ್ 1820ರ ಆಸುಪಾಸಿನಲ್ಲಿ ನಡೆಸಿದ ಮಿಶ್ರ ಉಕ್ಕಿನ ಪ್ರಯೋಗಗಳಿಗೆ ವೂಟ್ಸ್ ಪ್ರೇರಣೆಯಾಯಿತು, ಅವುಗಳಲ್ಲಿ ಕೆಲವು ಶೆಫೀಲ್ಡಿನಲ್ಲಿಯೇ ನಡೆದವು. ಆದರೆ ಶೆಫೀಲ್ಡಿನ ಉಳಿಗಳು ವೂಟ್ಸ್‌ನಿಂದ ಆದವಲ್ಲ. ಗಡಿಯಾರದ ಕಸುಬಿನವನಾಗಿದ್ದ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಅಲ್ಲಿ ಬೆಳೆಸಿದ ಮೂಸೆಯ ಉಕ್ಕೇ ಅವುಗಳಿಗೆ ಆಧಾರ. ಎರಡನ್ನೂ ಬೆರೆಸಿ ಹೇಳುವ ಉತ್ಸಾಹ ಆಗಾಗ ಕಂಡುಬರುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಮರದ ಹಿಡಿಯ ತೊಂದರೆ ಪೆಟ್ಟಿನಲ್ಲಿತ್ತು. ಒತ್ತಿ ಕೀಸುವ ತೆಳುವಾದ ಉಳಿಗೆ ಪೆಟ್ಟು ಬೀಳುವುದು ಕಡಿಮೆ. ಕುಳಿ ತೋಡುವ ಉಳಿಗೆ ದಿನವಿಡೀ ಪೆಟ್ಟು. ಇದಕ್ಕಾಗಿಯೇ ಮರದ ಕೊಡತಿ ಇತ್ತು. ಮರದ ಮೇಲೆ ಮರ ಬೀಳಬೇಕು, ಕಬ್ಬಿಣ ಬೀಳಕೂಡದು ಎಂಬುದು ಕಸುಬಿನ ನಿಯಮ. ತಲೆ ಅರಳಿ ಸೀಳದಂತೆ ಹಿಡಿಯ ತುದಿಗೆ ಕಬ್ಬಿಣದ ಬಳೆ ತೊಡಿಸುವುದು, ಗೆಣ್ಣಿಗೂ ಹಿಡಿಗೂ ನಡುವೆ ಚರ್ಮದ ಬಿಲ್ಲೆ ಇಡುವುದು, ಅಮೆರಿಕದಲ್ಲಿ ಹಿಡಿಯ ತಲೆಯ ಮೇಲೆಯೇ ಚರ್ಮದ ಬಿಲ್ಲೆಗಳನ್ನು ಜೋಡಿಸುವುದು, ಇವೆಲ್ಲ ಅದೇ ಸಮಸ್ಯೆಗೆ ಕಂಡುಕೊಂಡ ಉಪಾಯಗಳು. 20ನೆಯ ಶತಮಾನದ ಆರಂಭದಲ್ಲಿ ನ್ಯೂ ಬ್ರಿಟನ್ನಿನ ಸ್ಟ್ಯಾನ್ಲಿ ಕಂಪನಿ 'ಎವರ್‌ಲಾಸ್ಟಿಂಗ್' ಎಂಬ ಹೆಸರಿನ ಉಳಿಗಳನ್ನು ತಂದಿತು. ಅಲಗಿನ ಉಕ್ಕು ಹಿಡಿಯ ನಡುವೆ ಹಾದು ತಲೆಯವರೆಗೂ ಹೋಗಿ, ಪೆಟ್ಟು ಉಕ್ಕಿನ ಮೇಲೆಯೇ ಬೀಳುವಂತೆ ಅದನ್ನು ರೂಪಿಸಲಾಗಿತ್ತು. ಅಲ್ಲಿ ಮರ ಬರಿಯ ಹೊದಿಕೆ. ಒಡೆಯದ ಹಿಡಿಯ ಹಂಬಲ ಪ್ಲಾಸ್ಟಿಕ್ಕಿಗಿಂತ ಹಳೆಯದು ಎಂಬುದಕ್ಕೆ ಈ ಹೆಸರೇ ಸಾಕ್ಷಿ.

ಪ್ಲಾಸ್ಟಿಕ್ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 1862ರ ಲಂಡನ್ ಪ್ರದರ್ಶನದಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ತನ್ನ ಪಾರ್ಕೆಸಿನ್ ಅನ್ನು ಮುಂದಿಟ್ಟನು. ಕೆಲವೇ ವರ್ಷಗಳಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ಅನ್ನು ಉದ್ಯಮವಾಗಿ ಬೆಳೆಸಿದನು. ಬಾಚಣಿಗೆ, ಚಾಕುವಿನ ಹಿಡಿ, ಬಿಲಿಯರ್ಡ್ಸ್ ಚೆಂಡುಗಳಿಗೆ ಅದು ಬಳಕೆಯಾಯಿತು. ಆದರೆ ಬಹುಬೇಗ ಬೆಂಕಿ ಹತ್ತಿಕೊಳ್ಳುವ ಆ ವಸ್ತು ಮರದ ಪುಡಿ ತುಂಬಿದ ಕಾರ್ಯಾಗಾರಕ್ಕೆ ತಕ್ಕದ್ದಾಗಿರಲಿಲ್ಲ. 1907ರಲ್ಲಿ ಲಿಯೊ ಬೇಕ್‌ಲಂಡ್ ರೂಪಿಸಿದ ಬೇಕಲೈಟ್ ಬೆಂಕಿಗೆ ಜಗ್ಗದು, ಆದರೆ ಪೆಟ್ಟಿಗೆ ಚೂರಾಗುತ್ತದೆ. ಬೇಕ್‌ಲಂಡ್ ಹುಡುಕಹೊರಟಿದ್ದುದು ಅರಗಿಗೆ ಬದಲಿಯನ್ನು ಎಂಬುದು ಚನ್ನಪಟ್ಟಣದ ಅರಗಿನ ಕಡೆತವನ್ನು ಬಲ್ಲ ಕನ್ನಡಿಗರಿಗೆ ಆಸಕ್ತಿಯ ವಿಷಯವಾದೀತು. ಭಾರತದಿಂದ ಹೋಗುತ್ತಿದ್ದ ಆ ಅರಗನ್ನು ವಿದ್ಯುತ್ ಉಪಕರಣಗಳ ನಿರೋಧಕವಾಗಿ ಪಶ್ಚಿಮದಲ್ಲಿ ಬಳಸಲಾಗುತ್ತಿತ್ತು.

ಉಳಿಯ ಹಿಡಿಗೆ ಒದಗಿದುದು ಸೆಲ್ಯುಲೋಸ್ ಅಸಿಟೇಟ್ ಮತ್ತು ಅದರ ಸೋದರ ಸಂಬಂಧಿಯಾದ ಸೆಲ್ಯುಲೋಸ್ ಅಸಿಟೇಟ್ ಬ್ಯುಟಿರೇಟ್. ಛಾಯಾಚಿತ್ರದ ಉದ್ಯಮಿ ಜಾರ್ಜ್ ಈಸ್ಟ್‌ಮನ್ 1920ರಲ್ಲಿ ಟೆನೆಸೀ ರಾಜ್ಯದ ಕಿಂಗ್ಸ್‌ಪೋರ್ಟ್‌ನಲ್ಲಿ, ಮರವನ್ನು ಭಟ್ಟಿ ಇಳಿಸಿ ಮೆಥನಾಲ್ ತೆಗೆಯುವ ಕಾರ್ಖಾನೆಯೊಂದನ್ನು ಕೊಂಡನು. ಅಲ್ಲಿ ಬೆಳೆದ ಕಂಪನಿ 1930ರ ದಶಕದಲ್ಲಿ 'ಟೆನೈಟ್' ಎಂಬ ಹೆಸರಿನಲ್ಲಿ ಈ ಪ್ಲಾಸ್ಟಿಕ್‌ಗಳನ್ನು ಮಾರುಕಟ್ಟೆಗೆ ತಂದಿತು. ಇವುಗಳ ಮೂಲದ್ರವ್ಯವಾದ ಸೆಲ್ಯುಲೋಸ್ ದೊರೆಯುತ್ತಿದ್ದುದು ಹತ್ತಿಯ ಕಿರುನಾರಿನಿಂದ ಅಥವಾ ಮರದ ತಿರುಳಿನಿಂದ. ಹೀಗಾಗಿ ಮರದ ಹಿಡಿಯನ್ನು ಹೊರದೂಡಿದ ಮೊದಲ ಪ್ಲಾಸ್ಟಿಕ್ ಹಿಡಿಗಳು ತಾವೂ ಸಸ್ಯದ ಸಂತಾನವೇ. ಮರಕ್ಕೂ ಪ್ಲಾಸ್ಟಿಕ್ಕಿಗೂ ಸಹಜ ಮತ್ತು ಕೃತಕ ಎಂಬ ಸರಳ ವಿರೋಧವನ್ನು ಕಲ್ಪಿಸುವವರು ಇದನ್ನು ಗಮನಿಸಿದಂತಿಲ್ಲ.

ಈ ಹಿಡಿಗಳು ಮೊದಲು ಬಂದುದು ಉಳಿಗಲ್ಲ, ಸ್ಕ್ರೂಡ್ರೈವರಿಗೆ. ವಿದ್ಯುತ್ ಕೆಲಸಗಾರರಿಗೆ ವಿದ್ಯುತ್ ಹರಿಯದ ಹಿಡಿ ಬೇಕಾಗಿತ್ತು. ಜೇನಿನ ಬಣ್ಣದ, ಕೆಂಪು, ಹಸಿರು ಬಣ್ಣಗಳ ಪಾರದರ್ಶಕ ಹಿಡಿಗಳು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆಕರ್ಷಕವಾಗಿಯೂ ಕಂಡವು. ಅಲ್ಲಿಂದ ಉಳಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಸ್ಟ್ಯಾನ್ಲಿಯ 60ನೆಯ ಸಂಖ್ಯೆಯ ಗಿಡ್ಡ ಉಳಿಗಳಿಗೆ ಪ್ಲಾಸ್ಟಿಕ್ ಹಿಡಿಯೂ ಅದರ ತಲೆಗೆ ಉಕ್ಕಿನ ಟೊಪ್ಪಿಗೆಯೂ ಬಂದವು. ಶೆಫೀಲ್ಡಿನಲ್ಲಿ 1828ರಿಂದ ನಡೆದುಬಂದ ಮನೆತನದ ಸಂಸ್ಥೆಯಾದ ವಿಲಿಯಂ ಮಾರ್ಪಲ್ಸ್ ಅಂಡ್ ಸನ್ಸ್ ತನ್ನ ಹಿಡಿಗಳನ್ನು 'ಸ್ಪ್ಲಿಟ್‌ಪ್ರೂಫ್', ಎಂದರೆ ಸೀಳು ಬಿಡದವು, ಎಂದು ಕರೆದುಕೊಂಡಿತು. ಆ ಸಂಸ್ಥೆಯ ಕಾರ್ಖಾನೆಗೆ ಹೈಬರ್ನಿಯಾ ವರ್ಕ್ಸ್ ಎಂಬ ಹೆಸರು. ಐರ್ಲೆಂಡಿನ ಮೂರೆಲೆಯ ಶ್ಯಾಮ್‌ರಾಕ್ ಅದರ ಮುದ್ರೆ. ಮುಂದೆ ನೀಲಿ ಹಿಡಿಯ 'ಬ್ಲೂ ಚಿಪ್' ಉಳಿಗಳು ಈ ಸಂಸ್ಥೆಯ ಗುರುತೇ ಆಗಿಬಿಟ್ಟವು. ಬಡಗಿಗಳು ಆ ಉಳಿಯನ್ನು ಅಲಗಿನ ಮುದ್ರೆಯಿಂದಲ್ಲ, ಹಿಡಿಯ ಬಣ್ಣದಿಂದ ಗುರುತಿಸತೊಡಗಿದರು. ಚರಿತ್ರೆಕಾರರು ಗಮನಕ್ಕೆ ತಾರದಿದ್ದ ಹಿಡಿ ಇಲ್ಲಿ ಅಲಗಿನ ಹೆಸರನ್ನೇ ನುಂಗಿತು.

ಯಾರಿಗಾಗಿ ಈ ಉಳಿಗಳು ಎಂಬ ಪ್ರಶ್ನೆಗೆ ಎರಡನೆಯ ಮಹಾಯುದ್ಧದ ನಂತರದ ಇಂಗ್ಲೆಂಡಿನ ಮನೆಗಳಲ್ಲಿ ಉತ್ತರ ಸಿಗುತ್ತದೆ. ಮನೆಯ ದುರಸ್ತಿಯನ್ನು ಮನೆಯವರೇ ಮಾಡಿಕೊಳ್ಳುವ ಹವ್ಯಾಸ ಆಗ ಹರಡಿತು. 1957ರಲ್ಲಿ 'ಡೂ ಇಟ್ ಯುವರ್‌ಸೆಲ್ಫ್' ಎಂಬ ಹೆಸರಿನ ಪತ್ರಿಕೆ ಅಲ್ಲಿ ಹೊರಟಿತು. ಬ್ಯಾರಿ ಬಕ್ನೆಲ್ ಬಿಬಿಸಿ ದೂರದರ್ಶನದಲ್ಲಿ ಬಾಗಿಲು, ಕಪಾಟುಗಳ ಕೆಲಸವನ್ನು ಮಾಡಿ ತೋರಿಸಿ ಮನೆಮಾತಾದನು. 1962ರ ಅವನ 'ಬಕ್ನೆಲ್ಸ್ ಹೌಸ್' ಸರಣಿಯಲ್ಲಿ ಇಡೀ ಮನೆಯೊಂದನ್ನೇ ನವೀಕರಿಸಲಾಯಿತು. ಈ ಹೊಸ ಬಳಕೆದಾರನಿಗೆ ಕೊಡತಿ ಇರಲಿಲ್ಲ, ಮನೆಯಲ್ಲಿದ್ದುದು ಮೊಳೆ ಹೊಡೆಯುವ ಸುತ್ತಿಗೆ. ಹಿಡಿಯನ್ನು ಕಡೆಯುವ ಚರಕಿಯಾಗಲಿ ಮರದ ಎಳೆಯ ತಿಳುವಳಿಕೆಯಾಗಲಿ ಅವನಿಗಿರಲಿಲ್ಲ. ಅದು ಅವನ ತಪ್ಪೂ ಅಲ್ಲ; ಅವನು ಗುಮಾಸ್ತನೋ ಅಧ್ಯಾಪಕನೋ ಆಗಿದ್ದನು. ಸುತ್ತಿಗೆಯ ಪೆಟ್ಟನ್ನು ತಡೆಯುವ, ಒದ್ದೆಯಾದರೂ ಉಬ್ಬದ, ಬಿಸಿಲಿಗೆ ಸಡಿಲಗೊಳ್ಳದ ಹಿಡಿ ಅವನಿಗೆ ಬೇಕಾಗಿತ್ತು. ಕಟ್ಟಡಗಳ ಮೇಲೆ ಬಾಗಿಲು ಚೌಕಟ್ಟು ಕೂರಿಸುವ ವೃತ್ತಿಯ ಬಡಗಿಗೂ ಅದೇ ಬೇಕಾಗಿತ್ತು ಎಂಬುದನ್ನು ಮರೆಯಬಾರದು. ಪ್ಲಾಸ್ಟಿಕ್ ಹಿಡಿಯನ್ನು ಹವ್ಯಾಸಿಗಳ ವಸ್ತುವೆಂದು ತಳ್ಳಿಹಾಕುವವರು, ದಿನಗೂಲಿಯ ಬಡಗಿ ಅದನ್ನು ತಾನಾಗಿಯೇ ಆರಿಸಿಕೊಂಡನು ಎಂಬ ಸಂಗತಿಯನ್ನು ಬದಿಗಿಡುತ್ತಾರೆ. ಶಾಲೆಗಳ ಮರಗೆಲಸದ ಕೋಣೆಗಳೂ ಇಂಥ ಉಳಿಗಳನ್ನು ಕೊಂಡವು.

ಹಿಡಿಯ ಆಕಾರ ಮಾತ್ರ ಹಳೆಯದನ್ನು ಪೂರ್ತಿಯಾಗಿ ಬಿಡಲಿಲ್ಲ. ಹಳೆಯ ಲಂಡನ್ ಮಾದರಿಯ ಹಿಡಿ ಎಂಟು ಮೂಲೆಯದು. ಕೆಲಸದ ಮೇಜಿನ ಮೇಲಿಟ್ಟರೆ ಉರುಳಿ ಬೀಳದು, ಅಲಗು ಯಾವ ಕಡೆಗೆ ತಿರುಗಿದೆ ಎಂಬುದು ಕಣ್ಣಿಟ್ಟು ನೋಡದೆಯೇ ಬೆರಳಿಗೆ ತಿಳಿಯುತ್ತದೆ. ಪ್ಲಾಸ್ಟಿಕ್ ಹಿಡಿಗಳಲ್ಲಿ ಎರಡು ಪಕ್ಕಗಳನ್ನು ಚಪ್ಪಟೆ ಮಾಡಿರುವುದಕ್ಕೂ ಕಾರಣ ಇದೇ. ಯಾರೋ ಕಡೆದ ಹಿಡಿಯಲ್ಲಿ ತಲೆಮಾರುಗಳು ಕಲಿತುದನ್ನು ಅಚ್ಚು ಮಾಡುವವನು ಎತ್ತಿಕೊಂಡನು. ಎತ್ತಿಕೊಳ್ಳಲಾಗದೆ ಉಳಿದುದು ಅಳತೆ. ಮರದ ಹಿಡಿ ಒಂದು ಕೈಗೆ ಹೊಂದುತ್ತಿತ್ತು. ಅಚ್ಚಿನ ಹಿಡಿ ಎಲ್ಲ ಕೈಗಳ ಸರಾಸರಿಗೆ ಹೊಂದುತ್ತದೆ. ಹಿಡಿಯನ್ನು ಕಡೆಯುತ್ತಿದ್ದವರ ಕೆಲಸ ಅಚ್ಚಿನ ಯಂತ್ರಕ್ಕೆ ಹೋಯಿತು. ಸಾಣೆಯ ಕೆಲಸಗಾರರ ಬಗ್ಗೆ, ಅವರ ಶ್ವಾಸಕೋಶಗಳನ್ನು ತಿಂದ ಕಲ್ಲುಧೂಳಿನ ಬಗ್ಗೆ, ಅವರ ಸಂಘಗಳ ಹೋರಾಟದ ಬಗ್ಗೆ ಶೆಫೀಲ್ಡಿನಲ್ಲಿ ಸಾಕಷ್ಟು ಬರಹಗಳಿವೆ. ಹಿಡಿಯವರಿಗೆ ಅಂಥ ಚರಿತ್ರೆ ದೊರೆತಿಲ್ಲ.

ಇನ್ನೂ ದೊಡ್ಡ ಬದಲಾವಣೆ ಬೆಸುಗೆಯಂಥ ಕೂಡಿಕೆಯಲ್ಲಿದೆ. ಪ್ಲಾಸ್ಟಿಕ್ ಹಿಡಿ ಅಲಗಿನ ಬಾಲವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸಿ ಇನ್ನೊಂದನ್ನು ಹಾಕಬಹುದೆಂಬ ನಿರೀಕ್ಷೆ ಅದರ ರಚನೆಯಲ್ಲಿಲ್ಲ. ಹಿಡಿ ಮತ್ತು ಅಲಗು ಒಂದೇ ಸರಕಾದವು. ಅವುಗಳ ಆಯುಷ್ಯವೂ ಒಂದೇ ಆಯಿತು. ಮುಂದೆ ಪಾಲಿಪ್ರೊಪಿಲೀನ್ ಮುಂತಾದ ಪ್ಲಾಸ್ಟಿಕ್‌ಗಳು ಬಂದ ಮೇಲೂ ಈ ರಚನೆ ಬದಲಾಗಲಿಲ್ಲ.

ಸಂಸ್ಥೆಗಳ ಕತೆಯನ್ನು ಬೇಗ ಮುಗಿಸಬಹುದು. ಸ್ಟ್ಯಾನ್ಲಿ 1930ರ ದಶಕದಲ್ಲಿಯೇ ಶೆಫೀಲ್ಡಿನ ಜೆ. ಎ. ಚಾಪ್‌ಮನ್ ಸಂಸ್ಥೆಯನ್ನು ಕೊಂಡು ಆ ಊರಿಗೆ ಕಾಲಿಟ್ಟಿತ್ತು. 1970ರ ದಶಕದಲ್ಲಿ ಮಾರ್ಪಲ್ಸ್ ಸಂಸ್ಥೆಯು ರೆಕಾರ್ಡ್ ರಿಜ್ವೇ ಗುಂಪಿನೊಳಗೆ ಕರಗಿತು. ಕೈ ಬದಲಾಗುತ್ತ ಅದರ ಹೆಸರು ಅಮೆರಿಕದ ಇರ್ವಿನ್ ಎಂಬ ಹೆಸರಿನೊಡನೆ ಕೂಡಿಕೊಂಡಿತು. 2017ರಲ್ಲಿ ಇರ್ವಿನ್ ಅನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೊಂಡುದರಿಂದ, ಒಂದು ಕಾಲದ ಎದುರಾಳಿಗಳ ಹೆಸರುಗಳೆರಡೂ ಒಂದೇ ಒಡೆತನಕ್ಕೆ ಬಂದವು.

ಸಂಗ್ರಹಕಾರರ ಅಭಿರುಚಿಯತ್ತ ತಿರುಗಿದರೆ ಬೇರೊಂದು ಚಿತ್ರ ಕಾಣುತ್ತದೆ. ಅಮೆರಿಕದಲ್ಲಿ ಪ್ರಾಚೀನ ಉಪಕರಣಗಳ ಆಸಕ್ತರ ಸಂಘ 1933ರಲ್ಲಿ, ಎಂದರೆ ಪ್ಲಾಸ್ಟಿಕ್ ಹಿಡಿ ಮಾರುಕಟ್ಟೆಗೆ ಬರುತ್ತಿದ್ದ ಕಾಲದಲ್ಲಿಯೇ, ಆರಂಭವಾಯಿತು. ಡಬ್ಲ್ಯು. ಎಲ್. ಗುಡ್‌ಮನ್‌ನ ಮರಗೆಲಸದ ಉಪಕರಣಗಳ ಚರಿತ್ರೆ 1964ರಲ್ಲಿಯೂ ಆರ್. ಎ. ಸಾಲಮನ್‌ನ ಉಪಕರಣಕೋಶ 1975ರಲ್ಲಿಯೂ ಪ್ರಕಟವಾದವು. ಇವು ಇಂದಿಗೂ ಆಧಾರಗ್ರಂಥಗಳು. ಆದರೆ ಇವು ಹುಟ್ಟಿಸಿದ ಅಭಿರುಚಿ ಮರದ ಹಿಡಿಯ ಕಡೆಗೇ ವಾಲಿತು. ಅಮೆರಿಕದ ಮೇನ್ ರಾಜ್ಯದ ಲೀ-ನೀಲ್ಸನ್ ಸಂಸ್ಥೆ ಸ್ಟ್ಯಾನ್ಲಿಯ ಹಳೆಯ 750ನೆಯ ಸಂಖ್ಯೆಯ ಕೊಳವೆ ಉಳಿಯ ಮಾದರಿಯಲ್ಲಿ ಮರದ ಹಿಡಿಯ ಉಳಿಗಳನ್ನು ಮತ್ತೆ ತಯಾರಿಸಿತು. ಸೆಲ್ಯುಲೋಸ್ ಹಿಡಿಯ 60ನೆಯ ಸಂಖ್ಯೆಗೆ ಅಂಥ ಗೌರವ ದೊರೆಯಲಿಲ್ಲ. ಇದಕ್ಕೆ ಹೊರತಾದ ದೃಷ್ಟಿಯುಳ್ಳವನು ಶೆಫೀಲ್ಡಿನ ಉಪಕರಣ ವ್ಯಾಪಾರಿ ಕೆನ್ ಹಾಲಿ (1927-2014). ಮುಗಿದ ಉಪಕರಣಗಳನ್ನಷ್ಟೇ ಅಲ್ಲದೆ ಅರ್ಧ ಮಾಡಿದ ತುಣುಕುಗಳನ್ನು, ಬೆಲೆಪಟ್ಟಿಗಳನ್ನು, ಕಸುಬುದಾರರ ಮಾತಿನ ಧ್ವನಿಮುದ್ರಣಗಳನ್ನು ಅವನು ಕೂಡಿಹಾಕಿದನು. ಆ ಸಂಗ್ರಹಕ್ಕೆ 2010ರಲ್ಲಿ ಕೆಲಮ್ ಐಲೆಂಡ್ ಸಂಗ್ರಹಾಲಯದಲ್ಲಿ ಪ್ರತ್ಯೇಕ ಗ್ಯಾಲರಿ ತೆರೆಯಿತು. ವಸ್ತುವಿಗಿಂತ ವಸ್ತುವಿನ ಹಿಂದಿನ ಕೈಯನ್ನು ದಾಖಲಿಸುವುದು ಜಾನಪದ ಅಧ್ಯಯನದ ಕ್ರಮ. ಪದವಿಯ ಹಂಗಿಲ್ಲದೆ ಹಾಲಿ ಮಾಡಿದುದು ಅದನ್ನೇ.

ಒಡೆಯದು ಎಂದು ಮಾರಾಟವಾದ ಹಿಡಿಗಳಿಗೆ ಕಾಲ ಮಾಡುತ್ತಿರುವುದೇನು ಎಂಬುದು ಈಗ ರಸಾಯನಶಾಸ್ತ್ರದ ವಿಷಯವಾಗಿದೆ. ಸೆಲ್ಯುಲೋಸ್ ಅಸಿಟೇಟ್ ಗಾಳಿಯ ತೇವಕ್ಕೆ ನಿಧಾನವಾಗಿ ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಹಳೆಯ ಚಲನಚಿತ್ರಗಳ ಸುರುಳಿಗಳನ್ನು ಹಾಳುಮಾಡುವ ರೋಗವೂ ಇದೇ. ವಿನೆಗರಿನ ವಾಸನೆ ಅದರ ಲಕ್ಷಣ. ಬ್ಯುಟಿರೇಟ್ ಸೇರಿದ ಹಿಡಿಗಳು ಬ್ಯುಟಿರಿಕ್ ಆಮ್ಲವನ್ನೂ ಬಿಡುತ್ತವೆ. ಕೆಟ್ಟ ಬೆಣ್ಣೆಯ ವಾಸನೆಗೆ ಕಾರಣವಾದ ಆಮ್ಲವೇ ಅದು, ಅದರ ಹೆಸರೂ ಬೆಣ್ಣೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ವರ್ಷಗಟ್ಟಲೆ ಮುಚ್ಚಿದ್ದ ಉಪಕರಣ ಪೆಟ್ಟಿಗೆಯನ್ನು ತೆರೆದವರು ವಾಂತಿಯ ನಾತವೆಂದು ಮೂಗು ಮುಚ್ಚಿಕೊಳ್ಳುವುದು ಇದರಿಂದಲೇ. ಹಿಡಿಯ ಮೈಮೇಲೆ ಬೂಷ್ಟಿನಂತೆ ಬಿಳಿಯ ಪುಡಿ ಕೂಡುತ್ತದೆ. ಸೋಪಿನಿಂದ ತೊಳೆದರೆ ಹೋಗುತ್ತದೆ, ಸ್ವಲ್ಪ ಕಾಲದ ಮೇಲೆ ಮತ್ತೆ ಬರುತ್ತದೆ. ಪ್ಲಾಸ್ಟಿಕ್ಕನ್ನು ಮೆತುವಾಗಿಡಲು ಬೆರೆಸಿದ ದ್ರವ್ಯಗಳು ಹೊರಸೂಸಿದಂತೆ ಹಿಡಿ ಕುಗ್ಗಿ ಬಿರುಕು ಬಿಡುತ್ತದೆ.

ಈ ಕೆಡುಕು ಹಿಡಿಯಲ್ಲಿಯೇ ನಿಲ್ಲುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿಕೊಂಡ ಆಮ್ಲದ ಆವಿ ಪಕ್ಕದ ಅಲಗುಗಳಿಗೆ ತುಕ್ಕು ಹಿಡಿಸುತ್ತದೆ. ಮತ್ತೆ ಅದೇ ಆವಿ ಹಿಡಿಯ ವಿಘಟನೆಯನ್ನು ಚುರುಕುಗೊಳಿಸುತ್ತದೆ. ಬೆಲೆಬಾಳುವ ವಸ್ತುವೆಂದು ಗಾಳಿಯಾಡದಂತೆ ಮುಚ್ಚಿಟ್ಟಷ್ಟೂ ಅದು ಬೇಗ ಹಾಳಾಗುತ್ತದೆ. ಆದ್ದರಿಂದ ಸೆಲ್ಯುಲೋಸ್ ಪ್ಲಾಸ್ಟಿಕ್ಕಿನ ವಸ್ತುಗಳನ್ನು ಬೇರೆ ವಸ್ತುಗಳಿಂದ ದೂರವಿರಿಸಿ, ತಂಪಾದ, ತೇವ ಕಡಿಮೆಯಿರುವ, ಗಾಳಿಯಾಡುವ ಕಡೆ ಇಡಬೇಕೆಂಬುದು ಸಂರಕ್ಷಣಾ ತಜ್ಞರ ಸಲಹೆ. ಇದರಿಂದ ಕೇಡು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇಷ್ಟು ಆರೈಕೆಯನ್ನು ಒಂದು ಸಾಮಾನ್ಯ ಉಳಿಗೆ ಕೊಡಲು ಎಲ್ಲ ಸಂಗ್ರಹಾಲಯಗಳೂ ಮುಂದಾಗುವುದಿಲ್ಲ. ಸೀಟನ್‌ನ ಪೆಟ್ಟಿಗೆಗೆ ಇಂಥ ಆತಂಕವಿಲ್ಲ.

ಇತ್ತ ಬಳಕೆದಾರರ ನಡುವೆ ಇನ್ನೊಂದು ರೂಢಿ ಬೆಳೆದಿದೆ. ಹಳೆಯ ಶೆಫೀಲ್ಡ್ ಅಲಗಿನ ಉಕ್ಕು ಚೆನ್ನಾಗಿರುತ್ತದೆ ಎಂಬ ನಂಬಿಕೆಯಿಂದ ಪ್ಲಾಸ್ಟಿಕ್ ಹಿಡಿಯ ಉಳಿಯನ್ನು ಅಗ್ಗಕ್ಕೆ ಕೊಂಡು, ಹಿಡಿಯನ್ನು ಗರಗಸದಿಂದ ಸೀಳಿ ತೆಗೆದು, ಬಾಲಕ್ಕೆ ಹೊಸದಾಗಿ ಮರದ ಹಿಡಿಯನ್ನು ಕಡೆದು ಹಾಕಿಕೊಳ್ಳುತ್ತಾರೆ. ಹೀಗೆ ಹಿಡಿಯನ್ನು ಮಾಡಿಕೊಳ್ಳುವ ಕೆಲಸ ಬಳಸುವವನ ಕೈಗೆ ಮರಳುತ್ತದೆ. ಅದರ ಜೊತೆಗೆ, ಅದು ಅವನ ಕೈಯಿಂದ ಹೋಗಿತ್ತೆಂಬುದಕ್ಕೆ ಇದ್ದ ಸಾಕ್ಷ್ಯ ಎರಡು ಹೋಳಾಗಿ ಕಸದ ಬುಟ್ಟಿಗೆ ಬೀಳುತ್ತದೆ.